ಕಳೆಯದ, ಕೂಡಿಸದ ಲೆಕ್ಕ

1860ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲು ಸೊಲ್ಲಾಪುರ ಮುಟ್ಟಿತು. 1870ರ ದಶಕದಲ್ಲಿ ಗಿರಣಿ ಬಂತು, ಆಮೇಲೆ ಬೀಡಿ ಕಾರ್ಖಾನೆ. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಹೆಂಡತಿ ಬೀಡಿ ಕಟ್ಟುವವಳು, ಮೈದುನ ಗಿರಣಿಯವ: ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಇದು ಅಪರೂಪದ ಹಂಚಿಕೆಯಲ್ಲ. ಮನೆ ಒಂದೇ, ಆದರೆ ಮುಪ್ಪಿನಲ್ಲಿ ಕೈಗೆ ಬರುವ ಹಣಕ್ಕೆ ಎರಡು ಮೂರು ಕಾನೂನುಗಳು. ಅವು ಪರಸ್ಪರ ಹೇಗೆ ಹೊಂದಿಕೊಳ್ಳುತ್ತವೆ ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ವಿಷಯ.

ಮೊದಲು ಅಂತರ ನೋಡೋಣ. ರೈಲ್ವೆಯಲ್ಲಿ ಪಿಂಚಣಿ ಪದ್ಧತಿ ಬಂದದ್ದು 1957ರಲ್ಲಿ. ಈಗ ನಡೆಯುತ್ತಿರುವುದು 1993ರ ನಿಯಮಾವಳಿ. 2004ಕ್ಕಿಂತ ಮೊದಲು ಸೇರಿದ ಹಳೆಯ ಪದ್ಧತಿಯವರಿಗೆ ಮೂಲ ವೇತನದ ಅರ್ಧದಷ್ಟು ಪಿಂಚಣಿ, ವರ್ಷಕ್ಕೆರಡು ಸಲ ಏರುವ ತುಟ್ಟಿಭತ್ಯೆ. ಏಳನೆಯ ವೇತನ ಆಯೋಗದ ನಂತರ ಕುಟುಂಬ ಪಿಂಚಣಿ ಕನಿಷ್ಠ 9,000 ರೂಪಾಯಿ, ಅದರ ಮೇಲೂ ತುಟ್ಟಿಭತ್ಯೆ. ಗಿರಣಿ, ಬೀಡಿ, ಪವರ್‌ಲೂಮಿನವರಿಗೆ ಇರುವುದು 1995ರ ನೌಕರರ ಪಿಂಚಣಿ ಯೋಜನೆ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವ ಸೂತ್ರ ಅದರದು. ವೇತನದ ಮಿತಿ 15,000. ಆ ಮಿತಿಯಲ್ಲಿ ಮೂವತ್ತು ವರ್ಷ ದುಡಿದರೂ ಕೈಗೆ ಬರುವುದು ಏಳು ಸಾವಿರದ ಒಳಗೆ. 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ 1,000 ರೂಪಾಯಿ. ತುಟ್ಟಿಭತ್ಯೆಯ ಮಾತೇ ಇಲ್ಲ. ರೈಲು ನಿಲ್ದಾಣದಲ್ಲೇ ಗುತ್ತಿಗೆದಾರನ ಕೈಕೆಳಗೆ ಕಸ ಹೊಡೆಯುವವರೂ ಇದೇ ಎರಡನೆಯ ಸಾಲಿಗೆ ಸೇರುತ್ತಾರೆ.

ಈ ಏರ್ಪಾಡಿನ ಒಳ್ಳೆಯ ಅಂಶವನ್ನು ಮೊದಲು ಒಪ್ಪಬೇಕು. ಸರ್ಕಾರದ ಒಂದು ಕುಟುಂಬ ಪಿಂಚಣಿ ಇದ್ದರೆ ಇನ್ನೊಂದನ್ನು ಬಿಡಬೇಕು ಎಂಬುದು ಬಹುಕಾಲದ ನಿಯಮವಾಗಿತ್ತು. ಅದಕ್ಕೇ ಒಂದು ವಿನಾಯಿತಿ ಸೇರಿಸಿ, 1971ರ ನೌಕರರ ಕುಟುಂಬ ಪಿಂಚಣಿ ಯೋಜನೆ ಮತ್ತು 1995ರ ಯೋಜನೆಯಿಂದ ಬರುವ ಹಣವನ್ನು ಜೊತೆಗೇ ಪಡೆಯಬಹುದು ಎಂದರು. ಬೀಡಿ ಕಟ್ಟಿ ತನ್ನದೇ ಪಿಂಚಣಿ ಗಳಿಸಿದ ಹೆಂಗಸಿನ ವಿಷಯದಲ್ಲೂ, ಗಂಡನ ರೈಲ್ವೆ ಕುಟುಂಬ ಪಿಂಚಣಿಯಿಂದ ಆ ಸಾವಿರ ರೂಪಾಯಿಯನ್ನು ಯಾರೂ ಮುರಿದುಕೊಳ್ಳುವುದಿಲ್ಲ. ಅವಳ ದುಡಿಮೆ ಅವಳದು, ಅವನದು ಅವನದು ಎಂಬ ಈ ನಿಲುವು ಸರಿಯಾದದ್ದು.

ಆದರೆ ಕೆಳಗಿನ ಮೆಟ್ಟಿಲಿನಲ್ಲಿ ಇದೇ ನ್ಯಾಯ ತಲೆಕೆಳಗಾಗುತ್ತದೆ. ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆ 65 ದಾಟಿದ ಬಡವರಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ. ಜನರ ಬಾಯಲ್ಲಿ ಇಂಥ ನೆರವೆಲ್ಲ ‘ನಿರಾಧಾರ ಪಗಾರ’. ಷರತ್ತು: ಕುಟುಂಬದ ವಾರ್ಷಿಕ ಆದಾಯ 21,000 ಮೀರಬಾರದು. ಲೆಕ್ಕ ಹಾಕಿ ನೋಡಿ. ಬೇರೆ ಆದಾಯವಿಲ್ಲದ ಗಿರಣಿ ಕಾರ್ಮಿಕನ ಪಿಂಚಣಿ ಸಾವಿರವಾಗಿದ್ದರೆ ವರ್ಷಕ್ಕೆ 12,000; ಆತ ಅರ್ಹ, ಎರಡೂ ಸೇರಿ ತಿಂಗಳಿಗೆ 2,500. ಇನ್ನಷ್ಟು ವರ್ಷ ದುಡಿದು 1,800 ಪಡೆಯುವವನ ಆದಾಯ 21,600. ಆತನಿಗೆ ನಿರಾಧಾರ ಪಗಾರವಿಲ್ಲ, 1,800ರಲ್ಲೇ ತೃಪ್ತಿ. ಹೆಚ್ಚು ದುಡಿದವನಿಗೆ ಕಡಿಮೆ. ಮೊತ್ತವನ್ನು ಹಂತಹಂತವಾಗಿ ತಗ್ಗಿಸುವ ಸಾಮಾನ್ಯ ಅಂಕಗಣಿತವೂ ಇಲ್ಲಿ ಬಳಕೆಯಾಗಿಲ್ಲ.

ದೊಡ್ಡ ಕೊರತೆ ಇನ್ನೂ ಒಳಗಿದೆ. ಈ ವ್ಯವಸ್ಥೆ ಒಂದು ಪಿಂಚಣಿಯಿಂದ ಇನ್ನೊಂದನ್ನು ಕಳೆಯುವುದಿಲ್ಲ, ನಿಜ. ಆದರೆ ದುಡಿದ ವರ್ಷಗಳನ್ನು ಕೂಡಿಸುವುದೂ ಇಲ್ಲ. 1995ರ ಯೋಜನೆಯಲ್ಲಿ ಪಿಂಚಣಿಗೆ ಹತ್ತು ವರ್ಷ ಬೇಕು. ಗಿರಣಿಯಲ್ಲಿ ಎಂಟು ವರ್ಷ ದುಡಿದು ರೈಲ್ವೆ ಸೇರಿದವನ ಆ ಎಂಟು ವರ್ಷ ಪಿಂಚಣಿಯಾಗುವುದಿಲ್ಲ, ಒಂದಿಷ್ಟು ಇಡಿಗಂಟಾಗಿ ಕರಗುತ್ತದೆ. ತಿರುಗಿಸಿ ನೋಡಿದರೆ, ಹಳೆಯ ನಿಯಮದಲ್ಲಿ ರೈಲ್ವೆಗೆ ರಾಜೀನಾಮೆ ಕೊಟ್ಟು ಖಾಸಗಿ ಕೆಲಸಕ್ಕೆ ಹೋದವನ ಹಿಂದಿನ ಸೇವೆಯೇ ಮುಟ್ಟುಗೋಲು.

ಅಮೆರಿಕ ಇದಕ್ಕೆ ತದ್ವಿರುದ್ಧ. ಅಲ್ಲಿಯೂ ರೈಲ್ವೆ ನೌಕರರಿಗೆ 1937ರ ಕಾಯ್ದೆಯಿಂದ ಬೇರೆಯೇ ನಿವೃತ್ತಿ ವ್ಯವಸ್ಥೆ ಇದೆ. ಉಳಿದವರಿಗೆ 1935ರ ಸಾಮಾಜಿಕ ಭದ್ರತಾ ಕಾಯ್ದೆ. 1974ರ ಕಾಯ್ದೆ ರೈಲ್ವೆ ಪಿಂಚಣಿಯನ್ನು ಎರಡು ಸ್ತರಗಳಾಗಿ ಒಡೆಯಿತು. ಸಾಮಾಜಿಕ ಭದ್ರತೆಯಿಂದ ಎಷ್ಟು ಬರುತ್ತದೋ ಅಷ್ಟನ್ನು ಮೊದಲ ಸ್ತರದಿಂದ ಕಡಿತ ಮಾಡುತ್ತಾರೆ. ಆದರೆ ರೈಲ್ವೆಯಲ್ಲಿ ಹತ್ತು ವರ್ಷ ತುಂಬದಿದ್ದರೆ, 1995ರ ನಂತರದ ಸೇವೆಯಾದರೆ ಐದು ವರ್ಷ ತುಂಬದಿದ್ದರೆ, ಆ ದುಡಿಮೆಯ ದಾಖಲೆ ಸಾಮಾಜಿಕ ಭದ್ರತೆಯ ಖಾತೆಗೆ ವರ್ಗವಾಗುತ್ತದೆ. ಎರಡು ನಿಧಿಗಳು 1951ರಿಂದ ತಮ್ಮೊಳಗೆ ಲೆಕ್ಕ ಸರಿದೂಗಿಸಿಕೊಳ್ಳುತ್ತವೆ. ಮೊತ್ತದಲ್ಲಿ ಜಿಪುಣತನ, ವರ್ಷಗಳ ಎಣಿಕೆಯಲ್ಲಿ ಪ್ರಾಮಾಣಿಕತೆ. ನಮ್ಮಲ್ಲಿ ಮೊತ್ತದಲ್ಲಿ ಔದಾರ್ಯವಿದೆ, ವರ್ಷಗಳಿಗೆ ವಾರಸುದಾರರಿಲ್ಲ.

2004ರ ಜನವರಿ 1ರಿಂದ ರೈಲ್ವೆ ಸೇರಿದವರಿಗೆ ಬಂದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ಈ ಗಂಟನ್ನು ಅರ್ಧ ಬಿಚ್ಚಿತು: ಕೆಲಸ ಬದಲಿಸಿದರೂ ಖಾತೆ ಜೊತೆಗೇ ಬರುತ್ತದೆ. ಆದರೆ ಕೊನೆಗೆ ಇಷ್ಟು ಸಿಗುತ್ತದೆ ಎಂಬ ಖಾತರಿ ಹೋಯಿತು. 2025ರ ಏಪ್ರಿಲ್‌ನಿಂದ ಜಾರಿಯಾದ ಏಕೀಕೃತ ಪಿಂಚಣಿ ಯೋಜನೆ 25 ವರ್ಷದ ಸೇವೆಗೆ ಸರಾಸರಿ ಮೂಲ ವೇತನದ ಅರ್ಧವನ್ನು, ಹತ್ತು ವರ್ಷಕ್ಕೆ ಕನಿಷ್ಠ 10,000 ರೂಪಾಯಿಯನ್ನು ಖಾತರಿಪಡಿಸಿತು. ಹೆಸರಿನಲ್ಲಿ ಏಕೀಕರಣವಿದ್ದರೂ ಗಿರಣಿಯ ವರ್ಷಗಳಿಗೆ ಅಲ್ಲಿಯೂ ಜಾಗವಿಲ್ಲ.

ಅಮೆರಿಕದ ಕಡಿತವನ್ನು ಇಲ್ಲಿಗೆ ತರಬೇಕಿಲ್ಲ. ಒಂದು ಸಾವಿರದ ಪಿಂಚಣಿಯಲ್ಲಿ ಕಡಿತಕ್ಕೆ ಉಳಿದಿರುವುದಾದರೂ ಏನು? ತರಬೇಕಾದದ್ದು ವರ್ಷಗಳ ವರ್ಗಾವಣೆ. ರೈಲ್ವೆ ಮತ್ತು 1995ರ ಯೋಜನೆಯನ್ನು ನಡೆಸುವ ಭವಿಷ್ಯ ನಿಧಿ ಸಂಸ್ಥೆ ಎರಡೂ ಕೇಂದ್ರದ ಅಧೀನದಲ್ಲೇ ಇರುವುದರಿಂದ, ಹತ್ತು ವರ್ಷದ ಅರ್ಹತೆಗೆ ಒಂದರ ಸೇವೆಯನ್ನು ಇನ್ನೊಂದು ಎಣಿಸಲು ತಾಂತ್ರಿಕ ಅಡ್ಡಿ ಇದ್ದಂತಿಲ್ಲ. ರಾಜ್ಯ ಸರ್ಕಾರ ಮಾಡಬೇಕಾದದ್ದು ಇನ್ನೂ ಸುಲಭ: 21,000ದ ಗೆರೆ ದಾಟಿದವರ ನೆರವನ್ನು ಒಮ್ಮೆಲೇ ನಿಲ್ಲಿಸದೆ, ದಾಟಿದಷ್ಟನ್ನು ಮಾತ್ರ ಮುರಿದುಕೊಳ್ಳುವುದು. ಇವೆರಡೂ ಆಗುವವರೆಗೆ ಈ ಯೋಜನೆಗಳನ್ನು ಸಾಮಾಜಿಕ ಭದ್ರತೆಯ ಒಂದು ವ್ಯವಸ್ಥೆ ಎನ್ನಲಾಗದು. ಒಂದನ್ನೊಂದು ಓದದ ಮೂರು ಕಡತಗಳು ಎನ್ನಬಹುದಷ್ಟೆ.