ರೆಕಾರ್ಡ್ ಪುಸ್ತಕದ 9.806 ಎಲ್ಲಿಂದ ಬಂತು?

ಪಿಯುಸಿಯಲ್ಲಿ ವಿಜ್ಞಾನ ಓದಿದ ಯಾರನ್ನೇ ಕೇಳಿ, ಸರಳ ಲೋಲಕದ ಪ್ರಯೋಗ ನೆನಪಿರುತ್ತದೆ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗುಬಿಡುವುದು, 20 ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಸ್ಟಾಪ್‌ವಾಚ್‌ನಿಂದ ಅಳೆಯುವುದು, ದಾರದ ಉದ್ದ ಬದಲಿಸುತ್ತ ಇದನ್ನೇ ಮತ್ತೆ ಮತ್ತೆ ಮಾಡಿ ಗುರುತ್ವ ವೇಗೋತ್ಕರ್ಷದ (ಇದನ್ನು ಮುಂದೆ ‘ಜಿ’ ಎಂದು ಕರೆಯೋಣ) ಬೆಲೆಯನ್ನು ಕಂಡುಹಿಡಿಯುವುದು. ಪ್ರಯೋಗಾಲಯದಲ್ಲಿ ಇದಕ್ಕಿಂತ ಅಗ್ಗದ ಪ್ರಯೋಗ ಸಿಗುವುದು ಕಷ್ಟ. ಶಾಲೆ ಕಾಲೇಜುಗಳಲ್ಲಿ ಕಂಪ್ಯೂಟರ್ ಮತ್ತು ಅಂತರಜಾಲದ ಜವಾಬ್ದಾರಿಯುತ ಬಳಕೆ ಎಂಬ ವಿಷಯವನ್ನು ಇಷ್ಟು ಹಳೆಯ ಪ್ರಯೋಗದ ಮೂಲಕ ಚರ್ಚಿಸುವುದು ವಿಚಿತ್ರವೆನಿಸಬಹುದು. ಆದರೆ ಈ ಬಳಕೆ ಎಲ್ಲಿ ದಾರಿ ತಪ್ಪಿದೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದಿಲ್ಲ.

ರೆಕಾರ್ಡ್ ಪುಸ್ತಕಗಳನ್ನು ತಿದ್ದುವ ಅಧ್ಯಾಪಕರಿಗೆ ಒಂದು ಸಂಗತಿ ಗೊತ್ತು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ‘ಜಿ’ ಬೆಲೆ 9.8 ಎಂದೋ 9.81 ಎಂದೋ ಇರುತ್ತದೆ. ಈಚೆಗೆ 9.806 ಎಂದು ಬರೆಯುವವರೂ ಹೆಚ್ಚಾಗಿದ್ದಾರೆ. ಈ ಸಂಖ್ಯೆ ಎಲ್ಲಿಯದು? 1901ರಲ್ಲಿ ತೂಕ ಮತ್ತು ಅಳತೆಗಳ ಮೂರನೆಯ ಅಂತರರಾಷ್ಟ್ರೀಯ ಮಹಾಸಮ್ಮೇಳನವು 9.80665 ಮೀ./ಸೆ.² ಎಂಬುದನ್ನು ಪ್ರಮಾಣಿತ ಬೆಲೆಯಾಗಿ ಒಪ್ಪಿಕೊಂಡಿತು. ಅದು 45 ಡಿಗ್ರಿ ಅಕ್ಷಾಂಶದ ಸಮುದ್ರಮಟ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ ಬೆಲೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಭೂಮಿ ಸಮಭಾಜಕದ ಬಳಿ ಉಬ್ಬಿರುವುದರಿಂದ ಮತ್ತು ತನ್ನ ಅಕ್ಷದ ಮೇಲೆ ತಿರುಗುವುದರಿಂದ ಇಲ್ಲಿ ‘ಜಿ’ ಕಡಿಮೆ. ಎತ್ತರದಿಂದಾಗಿ ಇನ್ನೂ ಸ್ವಲ್ಪ ಕಡಿಮೆ. ಲೆಕ್ಕ ಹಾಕಿದರೆ ಸುಮಾರು 9.78 ಬರುತ್ತದೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವುದೇ ಶಾಲೆಯಲ್ಲಿ ಗುಂಡನ್ನು ತೂಗುಬಿಟ್ಟರೂ ನಿಸರ್ಗ ಕೊಡುವ ಬೆಲೆ ಇದೇ. ಆದ್ದರಿಂದ ನಮ್ಮ ವಿದ್ಯಾರ್ಥಿಯ ರೆಕಾರ್ಡಿನಲ್ಲಿ 9.806 ಎಂದಿದ್ದರೆ ಅದು ಲೋಲಕದಿಂದ ಬಂದದ್ದಲ್ಲ. ಹುಡುಕು ಯಂತ್ರದಿಂದ ಬಂದದ್ದು.

ಆಕಸ್ಮಿಕವಾಗಿ ಬಂದಿರಬಾರದೇಕೆ ಎಂದು ಕೇಳಬಹುದು. ಒಬ್ಬರಿಗೆ ಬರಬಹುದು, ಇಡೀ ತರಗತಿಗೆ ಬರಲಾರದು. ಒಂದು ಮೀಟರ್ ಉದ್ದದ ಲೋಲಕವನ್ನು ತೆಗೆದುಕೊಳ್ಳಿ. 20 ಆಂದೋಲನಗಳಿಗೆ 40.2 ಸೆಕೆಂಡು ಹಿಡಿದರೆ ‘ಜಿ’ 9.77. ಅದೇ 40.1 ಸೆಕೆಂಡು ಎಂದು ಓದಿದರೆ 9.82. 40.0 ಎಂದರೆ 9.87! ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಉತ್ತರ ಇಷ್ಟು ಜಿಗಿಯುತ್ತದೆ. ನಮ್ಮ ಕಣ್ಣು ನೋಡಿ ಬೆರಳು ಗುಂಡಿ ಒತ್ತುವಷ್ಟರಲ್ಲಿ ಅಷ್ಟು ಹೊತ್ತು ಕಳೆದೇ ಇರುತ್ತದೆ. ಉದ್ದಕ್ಕೆ ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತರೆ (ಬಹಳ ಮಂದಿ ಮರೆಯುತ್ತಾರೆ) ಒಂದು ಸೆಂಟಿಮೀಟರಿಗೆ 0.1ರಷ್ಟು ಬೆಲೆ ಇಳಿಯುತ್ತದೆ. ಗುಂಡನ್ನು 10 ಡಿಗ್ರಿಯಷ್ಟು ಎಳೆದು ಬಿಟ್ಟರೆ ಆವರ್ತಕಾಲ ಸ್ವಲ್ಪ ಹೆಚ್ಚಾಗಿ ‘ಜಿ’ ಮತ್ತೆ 0.04ರಷ್ಟು ಇಳಿಯುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಗುಂಡು ನೇರವಾಗಿ ತೂಗದೆ ಸುತ್ತು ಹಾಕತೊಡಗುತ್ತದೆ. ಹೀಗಾಗಿ ಪ್ರಾಮಾಣಿಕವಾಗಿ ಪ್ರಯೋಗ ಮಾಡಿದ ತರಗತಿಯಲ್ಲಿ 9.6ರಿಂದ 9.9ರವರೆಗೆ ಬೆಲೆಗಳು ಹರಡಿಕೊಂಡಿರಬೇಕು. ಹರಡಿಲ್ಲವೆಂದರೆ ಅನುಮಾನಿಸಬೇಕು.

ನಕಲು ಮಾಡುವುದನ್ನು ಕಂಪ್ಯೂಟರ್ ಹುಟ್ಟುಹಾಕಿತು ಎಂದು ನಾನು ಹೇಳುತ್ತಿಲ್ಲ. ಹಿಂದಿನ ವರ್ಷದ ವಿದ್ಯಾರ್ಥಿಯ ರೆಕಾರ್ಡನ್ನು ಮುಂದಿಟ್ಟುಕೊಂಡು ಬರೆಯುವುದು ನಮ್ಮ ಕಾಲದಲ್ಲೂ ಇತ್ತು. ಆಗ ನಕಲಿನ ಜೊತೆ ಹಿಂದಿನವನ ತಪ್ಪುಗಳೂ ಬರುತ್ತಿದ್ದವು. ಈಗ ದಶಮಾಂಶ ಸ್ಥಾನಗಳು ಹೆಚ್ಚಾಗಿವೆ, ಅಷ್ಟೆ. ವಿಜಯನಗರ, ಬಸವೇಶ್ವರನಗರಗಳಲ್ಲಿ ಶಾಲೆಗಳ ಎದುರಿನ ಜೆರಾಕ್ಸ್ ಅಂಗಡಿಗಳನ್ನು ನೋಡಿದ್ದೀರಲ್ಲ. ಪ್ರಾಜೆಕ್ಟ್ ಕೊಟ್ಟ ವಾರ ಅಲ್ಲಿ ನೂಕುನುಗ್ಗಲು. ಶೀರ್ಷಿಕೆ ಹೇಳಿದರೆ ಸಾಕು, ಬಣ್ಣದ ಚಿತ್ರಗಳೊಡನೆ ಹತ್ತು ಪುಟ ಅಚ್ಚಾಗಿ, ಸ್ಪೈರಲ್ ಬೈಂಡ್ ಆಗಿ ಕೈಗೆ ಬರುತ್ತದೆ. ಮಗು ಅದನ್ನು ಓದಿದೆಯೇ ಎಂದು ಕೇಳುವವರಿಲ್ಲ.

ಇನ್ನು ಕಂಪ್ಯೂಟರ್ ಕೊಠಡಿಯ ಗೋಡೆಯ ಮೇಲೆ ಅಂಟಿಸಿರುವ ನಿಯಮಗಳನ್ನು ನೋಡೋಣ. ಪಾದರಕ್ಷೆ ಹೊರಗೆ ಬಿಡಿ. ಆಟ ಆಡಬೇಡಿ. ಗುಪ್ತಪದವನ್ನು ಯಾರಿಗೂ ಹೇಳಬೇಡಿ. ಅನಪೇಕ್ಷಿತ ಜಾಲತಾಣಗಳಿಗೆ ಹೋಗಬೇಡಿ. ಅಪರಿಚಿತರಿಗೆ ಫೋಟೊ ಕಳಿಸಬೇಡಿ. ಇವೆಲ್ಲ ಬೇಕಾದವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ 18 ವರ್ಷ ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು ಹೇಳಲಾಗಿದೆ. ಶಾಲೆಗಳು ಅದನ್ನು ತಿಳಿದಿರಲೇಬೇಕು. ಆದರೆ ಈ ಪಟ್ಟಿಯಲ್ಲಿ ಒಂದು ವಾಕ್ಯ ಮಾತ್ರ ಇರುವುದಿಲ್ಲ: ನೀನು ಬರೆದುಕೊಂಡ ಸಂಖ್ಯೆ ಯಾರು ಅಳೆದದ್ದು, ಎಲ್ಲಿ ಅಳೆದದ್ದು? ಈ ಪ್ರಶ್ನೆಯನ್ನು ಕೇಳದ ನಿಯಮಪಟ್ಟಿ ಯಂತ್ರವನ್ನೂ ಶಾಲೆಯ ಹೆಸರನ್ನೂ ಕಾಪಾಡಬಹುದು. ವಿಜ್ಞಾನ ಕಲಿಯುವ ಮಗುವಿಗೆ ಅದರಿಂದ ಆಗುವ ಉಪಯೋಗ ಕಡಿಮೆ.

ಒಳ್ಳೆಯ ತಂತ್ರಾಂಶ ಸಿಕ್ಕಿದಾಗಲೂ ಈ ಪ್ರಶ್ನೆ ಬಿಡುವಂತಿಲ್ಲ. ಬೋಸ್-ಐನ್‌ಸ್ಟೈನ್ ಸಾಂದ್ರಿತ ಸ್ಥಿತಿಯ ಕೆಲಸಕ್ಕಾಗಿ 2001ರ ನೊಬೆಲ್ ಬಹುಮಾನ ಹಂಚಿಕೊಂಡ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ‘ಫೆಟ್’ ಎಂಬ ಯೋಜನೆಯನ್ನು ಆರಂಭಿಸಿದರು. ಅದರ ಸಿಮ್ಯುಲೇಶನ್‌ಗಳು ಉಚಿತ, ಹಲವು ಕನ್ನಡದಲ್ಲೂ ಇವೆ. ಅವುಗಳಲ್ಲಿ ಲೋಲಕದ ಪ್ರಯೋಗಾಲಯವೂ ಒಂದು. ತೆರೆಯ ಮೇಲೆ ಗುಂಡು, ಅಳತೆಪಟ್ಟಿ, ಸ್ಟಾಪ್‌ವಾಚ್ ಎಲ್ಲ ಸಿದ್ಧ. ಉದ್ದ, ರಾಶಿ, ಘರ್ಷಣೆಗಳನ್ನು ಬದಲಿಸಬಹುದು; ಭೂಮಿಯಿಂದ ಚಂದ್ರನಿಗೆ, ಗುರುಗ್ರಹಕ್ಕೆ ಹೋಗಬಹುದು. ರಾಶಿ ಬದಲಾದರೂ ಆವರ್ತಕಾಲ ಬದಲಾಗುವುದಿಲ್ಲ ಎಂಬುದನ್ನು ತೋರಿಸಲು ಇದಕ್ಕಿಂತ ಚುರುಕಾದ ಸಾಧನ ನನಗೆ ಗೊತ್ತಿಲ್ಲ.

ಆದರೆ ಇದರಲ್ಲಿ ‘ಜಿ’ ಅಳೆಯುವುದು ಎಂದರೇನು? ಭೂಮಿ ಎಂಬ ಆಯ್ಕೆಗೆ ಕಾರ್ಯಕ್ರಮ ಬರೆದವರು 9.81 ಎಂಬ ಬೆಲೆಯನ್ನು ಮೊದಲೇ ಹಾಕಿಟ್ಟಿದ್ದಾರೆ. ವಿದ್ಯಾರ್ಥಿ ಅಳೆದು, ಭಾಗಿಸಿ, ಗುಣಿಸಿ ಹೊರತೆಗೆಯುವುದು ಅದನ್ನೇ. ತಾನೇ ಹುಂಡಿಗೆ ಹಾಕಿದ ಕಾಸನ್ನು ತೆಗೆದು ಲಾಭ ಬಂತು ಎಂದಂತಾಯಿತು. ಅಲ್ಲಿ ಬೆಂಗಳೂರಿಲ್ಲ, ಫ್ಯಾನಿಲ್ಲ, ಎಳೆದಷ್ಟು ಹಿಗ್ಗುವ ದಾರವಿಲ್ಲ. ಆ ಸಿಮ್ಯುಲೇಶನ್ ಮಾಡಿದವರು ಜಾಣರು. ಬೆಲೆ ತಿಳಿಯದ ‘ಎಕ್ಸ್ ಗ್ರಹ’ ಎಂಬ ಆಯ್ಕೆಯನ್ನೂ ಇಟ್ಟಿದ್ದಾರೆ. ಅಲ್ಲಿನ ‘ಜಿ’ ಕಂಡುಹಿಡಿ ಎಂದರೆ ಹುಡುಗ ವಿಧಾನವನ್ನಾದರೂ ಕಲಿಯುತ್ತಾನೆ. ನಮ್ಮಲ್ಲಿ ಅದನ್ನು ಒತ್ತುವವರು ಕಡಿಮೆ, ಏಕೆಂದರೆ ಉತ್ತರ ಪಠ್ಯಪುಸ್ತಕದಲ್ಲಿ ಇಲ್ಲ.

ಹಾಗೆಂದು ತೆರೆಯ ಮೇಲಿನ ಪ್ರಯೋಗವೆಲ್ಲ ಸುಳ್ಳು, ಕೈಯಿಂದ ಮಾಡಿದ್ದೇ ನಿಜ ಎಂದು ಹೇಳಿಬಿಡುವುದು ಸುಲಭ, ಅದು ಸರಿಯಲ್ಲ. 2005ರಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯುತ್ ಮಂಡಲಗಳನ್ನು ಫೆಟ್ ತಂತ್ರಾಂಶದಲ್ಲಿ ಕಲಿತ ವಿದ್ಯಾರ್ಥಿಗಳು ನಿಜವಾದ ಬಲ್ಬು, ತಂತಿಗಳಲ್ಲಿ ಕಲಿತವರಿಗಿಂತ ಪರಿಕಲ್ಪನೆಯ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರು. ನಿಜವಾದ ಮಂಡಲವನ್ನು ಜೋಡಿಸುವುದರಲ್ಲೂ ಮುಂದಿದ್ದರು. ಇದರಲ್ಲಿ ಆಶ್ಚರ್ಯವಿಲ್ಲ. ತಂತಿಯೊಳಗೆ ಇಲೆಕ್ಟ್ರಾನುಗಳು ಚಲಿಸುವುದು ಕಣ್ಣಿಗೆ ಕಾಣುವುದಿಲ್ಲ; ತೆರೆ ಅದನ್ನು ಕಾಣಿಸುತ್ತದೆ. ಕಾಣದ್ದನ್ನು ಕಲ್ಪಿಸಿಕೊಳ್ಳಲು ಸಿಮ್ಯುಲೇಶನ್ ಸಹಾಯಕ. ಅಳತೆ ಎಂದರೇನು, ಅದರಲ್ಲಿ ದೋಷ ಹೇಗೆ ಸೇರುತ್ತದೆ ಎಂಬುದನ್ನು ಕಲಿಯಬೇಕಾದಾಗ ಮಾತ್ರ ಅದು ಕೈಕೊಡುತ್ತದೆ. ಲೋಲಕದ ಪಾಠ ಎರಡನೆಯ ಬಗೆಯದು.

ಈ ವ್ಯತ್ಯಾಸಕ್ಕೆ ಇಷ್ಟು ಮಹತ್ವವೇಕೆ? 1672ರಲ್ಲಿ ಜಾನ್ ರಿಶೆ ಎಂಬ ಫ್ರೆಂಚ್ ಖಗೋಳವಿಜ್ಞಾನಿ ದಕ್ಷಿಣ ಅಮೆರಿಕದ ಕಾಯೆನ್ನಿಗೆ ಹೋದ. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಅದನ್ನು ಸರಿಪಡಿಸಲು ಲೋಲಕವನ್ನು ಮೂರು ಮಿಲಿಮೀಟರಿನಷ್ಟು ಕುಗ್ಗಿಸಬೇಕಾಯಿತು. ಆತ ಇದನ್ನು ಹಾಗೆಯೇ ಬರೆದಿಟ್ಟ. ಭೂಮಿ ಪರಿಪೂರ್ಣ ಗೋಳವಲ್ಲ, ಸಮಭಾಜಕದಲ್ಲಿ ಉಬ್ಬಿದೆ ಎಂಬ ತನ್ನ ವಾದಕ್ಕೆ ನ್ಯೂಟನ್ ಬಳಸಿಕೊಂಡ ಸಾಕ್ಷ್ಯಗಳಲ್ಲಿ ಅದೂ ಒಂದು. ಪ್ಯಾರಿಸ್ಸಿನ ಬೆಲೆಯೇ ‘ಸರಿಯಾದ ಉತ್ತರ’ ಎಂದು ರಿಶೆ ತನ್ನ ಓದುಗಳನ್ನು ತಿದ್ದಿದ್ದರೆ ಅವನಿಗೆ ಪೂರ್ಣಾಂಕ ಸಿಗುತ್ತಿತ್ತೇನೋ! ನಮ್ಮ ದೇಶದಲ್ಲೇ, ಭಾರತೀಯ ಸರ್ವೇಕ್ಷಣೆಯ ಕ್ಯಾಪ್ಟನ್ ಬಸೇವಿ 1860ರ ದಶಕದಲ್ಲಿ ಲೋಲಕಗಳನ್ನು ಹೊತ್ತು ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದವರೆಗೆ ‘ಜಿ’ ಅಳೆಯುವ ಕೆಲಸ ಮಾಡಿದರು. 1871ರಲ್ಲಿ ಲಡಾಖಿನ ಎತ್ತರದ ಬಯಲಿನಲ್ಲಿ ಅದೇ ಕೆಲಸದ ನಡುವೆ ಪ್ರಾಣಬಿಟ್ಟರು. ಒಂದೊಂದು ಊರಿನ ಬೆಲೆ ಒಂದೊಂದು ಎಂಬುದೇ ಅವರ ಕೆಲಸದ ತಿರುಳು.

ಇನ್ನೊಂದು ಹೊಸ ತೊಡಕು ಸೇರಿಕೊಂಡಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಲೋಲಕದ ಓದುಗಳ ಕೋಷ್ಟಕವನ್ನೇ ಬರೆಸಿಕೊಳ್ಳಬಹುದು. ಗುಂಡು, ದಾರ ಯಾವುದೂ ಬೇಡ. ಸ್ವಲ್ಪ ದೋಷ ಬೆರೆಸಿ ಕೊಡು ಎಂದರೆ ಅದನ್ನೂ ಬೆರೆಸುತ್ತದೆ. 9.806 ಎಂಬ ಗುರುತು ಇನ್ನು ಮುಂದೆ ಸಿಗದಿರಬಹುದು. ಉತ್ತರವನ್ನು ನಕಲು ಮಾಡುವುದು ಒಂದು ಬಗೆ. ನಡೆಯದೇ ಇದ್ದ ಪ್ರಯೋಗದ ದತ್ತಾಂಶವನ್ನು ತಯಾರಿಸುವುದು ಬೇರೆಯೇ ಬಗೆ. ಎರಡನೆಯದನ್ನು ಸಂಶೋಧನಾ ಲೋಕ ವಂಚನೆ ಎಂದು ಕರೆಯುತ್ತದೆ. ಹದಿನಾರರ ಹುಡುಗಿಗೆ ಅದು ‘ರೆಕಾರ್ಡ್ ಮುಗಿಸುವುದು’ ಮಾತ್ರ. ಹಾಗೆ ಅನ್ನಿಸುವಂತೆ ಮಾಡಿದವರು ಯಾರು?

ಬಹುಮಟ್ಟಿಗೆ ನಾವೇ, ಅಧ್ಯಾಪಕರು. ಫಲಿತಾಂಶ 9.8ರ ಹತ್ತಿರ ಬಂದರೆ ಅಂಕ, ಬಾರದಿದ್ದರೆ ‘ಮತ್ತೆ ಮಾಡು’ ಎಂಬ ವಾಡಿಕೆ ಇರುವವರೆಗೆ ಯಾವ ನಿಯಮಪಟ್ಟಿಯೂ ಕೆಲಸ ಮಾಡದು. 9.68 ತಂದ ಹುಡುಗಿಯನ್ನು ‘ಗುಂಡಿನ ತ್ರಿಜ್ಯ ಸೇರಿಸಿದೆಯಾ?’ ಎಂದು ಕೇಳಬೇಕಾದಲ್ಲಿ ನಾವು ‘ಸರಿಯಾದ ಉತ್ತರ ತಾ’ ಎನ್ನುತ್ತೇವೆ. ಅವಳು ತರುತ್ತಾಳೆ. ಎಲ್ಲಿಂದ ತಂದಳು ಎಂಬುದು ನಮಗೂ ಗೊತ್ತು. ಓದುಗಳನ್ನು ಪೆನ್ನಿನಲ್ಲಿ ಸ್ಥಳದಲ್ಲೇ ಬರೆಸುವುದು, ಹೊಡೆದುಹಾಕಿದ ಸಾಲುಗಳನ್ನು ಹಾಗೆಯೇ ಉಳಿಸುವುದು, ದೋಷದ ಅಂದಾಜಿಗೇ ಹೆಚ್ಚು ಅಂಕ ಕೊಡುವುದು — ಇದಕ್ಕೆ ಹೊಸ ಯಂತ್ರವಾಗಲಿ ಅನುದಾನವಾಗಲಿ ಬೇಕಿಲ್ಲ.

ಕಂಪ್ಯೂಟರಿಗೆ ಇಲ್ಲಿ ಒಳ್ಳೆಯ ಕೆಲಸವಿದೆ. ವಿದ್ಯಾರ್ಥಿಗಳು ತಾವೇ ಅಳೆದ ಉದ್ದಗಳನ್ನೂ ಆವರ್ತಕಾಲದ ವರ್ಗಗಳನ್ನೂ ಲಿಬ್ರೆಆಫೀಸಿನಂತಹ ಉಚಿತ ತಂತ್ರಾಂಶದ ಸ್ಪ್ರೆಡ್‌ಶೀಟಿನಲ್ಲಿ ತುಂಬಿ ನಕ್ಷೆ ಎಳೆಯಲಿ. ತ್ರಿಜ್ಯ ಸೇರಿಸಲು ಮರೆತಿದ್ದರೆ ರೇಖೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ, ಸ್ವಲ್ಪ ಮೇಲೆ ಹಾಯುತ್ತದೆ. ಆದರೆ ಅದರ ಓಟ ಕೆಡುವುದಿಲ್ಲ, ‘ಜಿ’ ಸರಿಯಾಗಿಯೇ ಬರುತ್ತದೆ. ಮರೆತದ್ದು ಏನೆಂದು ನಕ್ಷೆಯೇ ಹೇಳಿಕೊಡುತ್ತದೆ! ಇನ್ನೂ ಮುಂದೆ ಹೋಗಬೇಕೆಂದರೆ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರ ರೂಪಿಸಿದ ‘ಎಕ್ಸ್‌ಪೈಸ್’ ಎಂಬ ಪುಟ್ಟ ಪೆಟ್ಟಿಗೆ ಇದೆ. ಗುಂಡು ಬೆಳಕಿನ ಕಿರಣವನ್ನು ಕಡಿದಾಗಲೆಲ್ಲ ಕಂಪ್ಯೂಟರ್ ಕಾಲವನ್ನು ದಾಖಲಿಸುತ್ತದೆ. ಬೆರಳಿನ ದೋಷ ಅಲ್ಲಿಗೆ ತೊಲಗಿತು. ಇಲ್ಲಿ ಯಂತ್ರ ಉತ್ತರ ಹೇಳುವುದಿಲ್ಲ, ಅಳೆಯುತ್ತದೆ.

ನಮ್ಮ ರಾಜ್ಯದಲ್ಲಿ 2000ರ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ಕಲಿಸುವ ಹೊಣೆ ಬಹುಪಾಲು ಹೊರಗಿನ ಖಾಸಗಿ ಸಂಸ್ಥೆಗಳದ್ದಾಯಿತು. ಹೀಗಾಗಿ ಕಂಪ್ಯೂಟರ್ ಒಂದು ಪ್ರತ್ಯೇಕ ಕೊಠಡಿಯ, ಪ್ರತ್ಯೇಕ ಪೀರಿಯಡ್ಡಿನ ವಸ್ತುವಾಗಿ ಉಳಿಯಿತು. ವಿಜ್ಞಾನ ಮೇಷ್ಟರಿಗೂ ಅದಕ್ಕೂ ಸಂಬಂಧ ಬೆಳೆಯಲಿಲ್ಲ. ಪಕ್ಕದ ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ (2017ರಿಂದ ‘ಕೈಟ್’) ಇರುವ ಅಧ್ಯಾಪಕರಿಗೇ ತರಬೇತಿ ಕೊಟ್ಟು, ಮುಕ್ತ ತಂತ್ರಾಂಶಗಳನ್ನು ಬಳಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ; ಆದರೆ ವಿಷಯ ಅಧ್ಯಾಪಕನ ಕೈಗೇ ಯಂತ್ರ ಕೊಟ್ಟದ್ದು ಸರಿಯಾದ ಕ್ರಮ.

ಕಾಸರಗೋಡಿನ ಹೆಸರು ಬಂದದ್ದರಿಂದ ಒಂದು ಪ್ರಯೋಗವನ್ನು ಸೂಚಿಸುತ್ತೇನೆ. ಆ ಊರಿಗೂ ಬೆಂಗಳೂರಿಗೂ ಅಕ್ಷಾಂಶ ಹೆಚ್ಚುಕಡಿಮೆ ಒಂದೇ. ಎತ್ತರ ಮಾತ್ರ ಬೇರೆ: ಅದು ಕಡಲ ತಡಿ, ಇದು ಪ್ರಸ್ಥಭೂಮಿ. ಬಸವೇಶ್ವರನಗರದ ಒಂದು ಶಾಲೆ ಮತ್ತು ಕಾಸರಗೋಡಿನ ಒಂದು ಶಾಲೆ ಒಂದೇ ಬಗೆಯ ಲೋಲಕವನ್ನು ಕಟ್ಟಿ, ತಿದ್ದದ ಓದುಗಳನ್ನು ಅಂತರಜಾಲದ ಮೂಲಕ ಪರಸ್ಪರ ಕಳಿಸಿಕೊಳ್ಳಲಿ. ಮೊದಲ ಹಂತದಲ್ಲಿ 20ರ ಬದಲು 100 ಆಂದೋಲನಗಳನ್ನು ಎಣಿಸಿ, ಕೋನವನ್ನು 5 ಡಿಗ್ರಿಯೊಳಗೆ ಇಟ್ಟುಕೊಂಡರೆ 9.78ನ್ನು 9.81ರಿಂದ ಬೇರ್ಪಡಿಸುವುದು ಸಾಧ್ಯ. ಒಂದು ಮೀಟರ್ ಲೋಲಕಕ್ಕೆ ಈ ಎರಡರ ನಡುವಿನ ಅಂತರ ಉದ್ದದಲ್ಲಿ ಸುಮಾರು ಮೂರು ಮಿಲಿಮೀಟರ್, 100 ಆಂದೋಲನಗಳ ಕಾಲದಲ್ಲಿ ಸುಮಾರು 0.3 ಸೆಕೆಂಡು. ಎರಡು ಊರುಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಬಹಳ ಸಣ್ಣದು, ಹತ್ತು ಸಾವಿರದಲ್ಲಿ ಎರಡು ಮೂರು ಪಾಲು. ಕಾಲವನ್ನು ಎಕ್ಸ್‌ಪೈಸ್ ನೋಡಿಕೊಳ್ಳುತ್ತದೆ. ಉದ್ದವನ್ನು ಮಾತ್ರ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ನಿಖರವಾಗಿ ಅಳೆಯಬೇಕಾಗುತ್ತದೆ. ಹತ್ತಿಯ ದಾರ ಇದಕ್ಕೆ ಆಗದು. ತೆಳುವಾದ ಉಕ್ಕಿನ ತಂತಿ ಬೇಕು. ಅದನ್ನೂ ಗುಂಡು ಕಟ್ಟಿ ತೂಗುಬಿಟ್ಟ ಮೇಲೆಯೇ ಅಳೆಯಬೇಕು.