ತೀರವನ್ನು ಮರೆತ ಚಿತ್ರ

ಪೀಟರ್ ಬರ್ಗ್ ನಿರ್ದೇಶಿಸಿ 2016ರಲ್ಲಿ ತೆರೆಗೆ ಬಂದ 'ಡೀಪ್‌ವಾಟರ್ ಹೊರೈಜನ್' ಎಂಬ ಹಾಲಿವುಡ್ ಚಿತ್ರವನ್ನು ನಮ್ಮ ಮನೆಗಳ ಯುವಕರು ಸಾಹಸಚಿತ್ರವೆಂದು ನೋಡಿ ಮೆಚ್ಚಿಕೊಂಡಿದ್ದಾರೆ. ಮೆಚ್ಚತಕ್ಕ ಅಂಶಗಳು ಅದರಲ್ಲಿ ಇಲ್ಲದಿಲ್ಲ. ಆದರೆ ನೀತಿವಿಚಾರದ ದೃಷ್ಟಿಯಿಂದ ನೋಡಹೊರಟವರಿಗೆ, ಚಿತ್ರ ತೋರಿಸಿದ್ದಕ್ಕಿಂತಲೂ ತೋರಿಸದೆ ಬಿಟ್ಟದ್ದೇ ದೊಡ್ಡದೆನಿಸುತ್ತದೆ. ಕಡಲಿನಲ್ಲಿ ತೈಲಬಾವಿಗಳನ್ನು ಇನ್ನಷ್ಟು ವಿಸ್ತರಿಸಬೇಕೆಂಬ ವಾದ ಅಮೆರಿಕದಲ್ಲಿ ಮತ್ತೆ ತಲೆಯೆತ್ತಿರುವ ಈ ಹೊತ್ತಿನಲ್ಲಿ ಆ ಕೊರತೆಯನ್ನು ಎತ್ತಿ ಹೇಳುವುದು ಅಗತ್ಯ.

ಘಟನೆ ಸರ್ವವಿದಿತ. 2010ರ ಏಪ್ರಿಲ್ 20ರ ರಾತ್ರಿ, ಲೂಸಿಯಾನಾ ತೀರದಿಂದ ಸುಮಾರು 66 ಕಿಲೋಮೀಟರ್ ದೂರದಲ್ಲಿ, ಮೆಕ್ಸಿಕೋ ಕೊಲ್ಲಿಯ 1,500 ಮೀಟರ್ ಆಳದ ನೀರಿನಲ್ಲಿ ಕೊರೆಯುತ್ತಿದ್ದ ಮಕೊಂಡೊ ಎಂಬ ಬಾವಿ ಸಿಡಿಯಿತು. 11 ಮಂದಿ ಕೆಲಸಗಾರರು ಸತ್ತರು. ಉರಿಯುತ್ತಿದ್ದ ತೇಲುವೇದಿಕೆ ಎರಡು ದಿನಗಳ ಬಳಿಕ ಮುಳುಗಿತು. ಬಾವಿಯ ಬಾಯಿ ಮುಚ್ಚಿದ್ದು 87 ದಿನಗಳ ನಂತರ, ಜುಲೈ 15ರಂದು.

ಮೊದಲು ಚಿತ್ರದ ಗುಣವನ್ನೇ ಹೇಳೋಣ. ಮನೆಯ ಮೇಜಿನ ಮುಂದೆ ಪುಟ್ಟ ಹುಡುಗಿಯೊಬ್ಬಳು ಕುಲುಕಿದ ಕೋಲಾ ಡಬ್ಬಿಗೆ ಕೊಳವೆ ಚುಚ್ಚಿ, ಜೇನುತುಪ್ಪದಿಂದ ಅದರ ಬಾಯಿ ಕಟ್ಟಿ, ತಂದೆಯ ಉದ್ಯೋಗವೇನೆಂದು ವಿವರಿಸುತ್ತಾಳೆ. ನೆಲದ ಒತ್ತಡ, ಅದನ್ನು ತಡೆಯುವ ಕೆಸರು, ಎರಡೂ ಒಂದೇ ನಿಮಿಷದಲ್ಲಿ ತಿಳಿಯುತ್ತವೆ. ಪಾಠ ಹೇಳುವವರು ಅಸೂಯೆಪಡಬೇಕಾದ ದೃಶ್ಯ! ಬಾವಿಯ ಒತ್ತಡದ ಪರೀಕ್ಷೆ ಅಪಾಯವನ್ನು ಸೂಚಿಸುತ್ತಿದ್ದರೂ, ಬೇಕಾದ ಅರ್ಥವನ್ನೇ ಅದರಿಂದ ಹಿಂಡಿ ತೆಗೆದ ಪ್ರಸಂಗವೂ ಪ್ರಾಮಾಣಿಕವಾಗಿ ಬಂದಿದೆ. ಸಿಮೆಂಟಿನ ಪರೀಕ್ಷೆಗೆಂದು ಬಂದ ತಂಡ ಪರೀಕ್ಷೆಯನ್ನು ಮಾಡದೆಯೇ ಹಿಂದಿರುಗುವುದನ್ನೂ ಚಿತ್ರ ಮರೆಮಾಚಿಲ್ಲ.

ಈ ಕೊನೆಯ ಸಂಗತಿಯ ಬಳಿ ಲೆಕ್ಕಪತ್ರ ಬಲ್ಲವರು ಸ್ವಲ್ಪ ನಿಲ್ಲಬೇಕು. ಅಮೆರಿಕದ ಸಂಸದೀಯ ಸಮಿತಿಯೊಂದು 2010ರ ಜೂನ್‌ನಲ್ಲಿ ಹೊರಗೆಡಹಿದ ಪ್ರಕಾರ, ಆ ಪರೀಕ್ಷೆಗೆ ತಗಲುತ್ತಿದ್ದುದು ಸುಮಾರು 1,28,000 ಡಾಲರ್, ಹಿಡಿಯುತ್ತಿದ್ದುದು 9ರಿಂದ 12 ಗಂಟೆ. ತಂಡವನ್ನು ಹಾಗೆಯೇ ವಾಪಸು ಕಳಿಸಲು ಸುಮಾರು 10,000 ಡಾಲರ್ ಸಾಕಾಯಿತು. ಬಾವಿಯ ಕೆಲಸ ಆರು ವಾರ ಹಿಂದೆ ಬಿದ್ದಿತ್ತು. ಖರ್ಚು ಅಂದಾಜನ್ನು 5.8 ಕೋಟಿ ಡಾಲರಿನಷ್ಟು ಮೀರಿತ್ತು. ವ್ಯಾಪಾರ ಮಾಡುವವರೆಲ್ಲರಿಗೂ ಈ ಅವಸರ ಪರಿಚಿತವೇ. ತಡವಾದಷ್ಟೂ ಬಡ್ಡಿ ಏರುತ್ತದೆ, ಬಡ್ಡಿ ಏರಿದಷ್ಟೂ ಎಚ್ಚರ ತಪ್ಪುತ್ತದೆ. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ ಸೇರಿಸಿದ್ದು ಏಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧುನಿಕ ಉದಾಹರಣೆ ನಮಗೆ ತೋರದು.

ಆದರೆ ಚಿತ್ರ ಆ ಪ್ರಮಾದವನ್ನು ಎಲ್ಲಿ ಇರಿಸುತ್ತದೆ? ಒಬ್ಬನ ಮುಖದಲ್ಲಿ. ಜಾನ್ ಮಾಲ್ಕೋವಿಚ್ ಕಂಪನಿಯ ಮೇಲ್ವಿಚಾರಕನಾಗಿ ತುಟಿ ಕೊಂಕಿಸಿ ಮಾತನಾಡಿದೊಡನೆ ಪ್ರೇಕ್ಷಕನಿಗೆ ಖಳನಾಯಕ ಸಿಕ್ಕಿಬಿಡುತ್ತಾನೆ, ಮನಸ್ಸು ಹಗುರವಾಗುತ್ತದೆ. ಅಧ್ಯಕ್ಷರು ನೇಮಿಸಿದ ರಾಷ್ಟ್ರೀಯ ಆಯೋಗ 2011ರ ಜನವರಿಯಲ್ಲಿ ಕೊಟ್ಟ ವರದಿ ಹೇಳಿದ್ದು ಬೇರೆಯೇ: ತಪ್ಪುಗಳ ಬೇರು ಇಡೀ ಉದ್ದಿಮೆಯ ನಡವಳಿಕೆಯಲ್ಲಿಯೂ ಸರ್ಕಾರದ ಉಸ್ತುವಾರಿಯ ದೌರ್ಬಲ್ಯದಲ್ಲಿಯೂ ಇದೆ, ಸುಧಾರಣೆಯಾಗದಿದ್ದರೆ ಇಂತಹುದು ಮರುಕಳಿಸಬಹುದು. ಒಬ್ಬ ದುಷ್ಟನಿಂದ ಕೆಡುಕಾಯಿತೆಂದರೆ ಅವನನ್ನು ತೆಗೆದು ಸಜ್ಜನನನ್ನು ಕೂರಿಸಿ ಮತ್ತೆ ಕೊರೆಯಬಹುದು. ಕಂಪನಿಯನ್ನು ಬೈಯುತ್ತಲೇ ಚಿತ್ರವು ಕೊರೆತವನ್ನು ಕಾಪಾಡುವ ಬಗೆ ಇದು.

ಇದಕ್ಕಿಂತ ಗಂಭೀರವಾದ ಲೋಪ ತೀರದ್ದು. ಎಣ್ಣೆ ಮೆತ್ತಿದ ಹಕ್ಕಿಯೊಂದು ಸಮೀಪದ ಹಡಗಿನೊಳಕ್ಕೆ ಬಂದು ಅಪ್ಪಳಿಸಿ ಒದ್ದಾಡುತ್ತದೆ. ಕಡಲಿನ ಜೀವಿಗಳ ಪಾಡನ್ನು ಚಿತ್ರ ಕಣ್ಣಿಗೆ ಕಾಣಿಸುವುದು ಅಷ್ಟೇ ಎನ್ನಬಹುದು. ಬದುಕುಳಿದವರು ಮನೆ ಸೇರಿದ ಮೇಲೆ, ಮಡಿದ 11 ಮಂದಿಯ ಭಾವಚಿತ್ರಗಳನ್ನು ಗೌರವದಿಂದ ತೋರಿಸುತ್ತಾರೆ. ಅದು ಸರಿಯಾದುದೇ. 87 ದಿನಗಳ ಸೋರಿಕೆಗೆ ಮಾತ್ರ ತೆರೆಯ ಮೇಲಿನ ಒಂದೆರಡು ಸಾಲಿನ ಅಕ್ಷರಗಳೇ ಗತಿ. ಬೆಂಕಿಗೆ ಒಂದೂ ಮುಕ್ಕಾಲು ಗಂಟೆ, ಕಡಲಿಗೆ ಎರಡು ಸಾಲು!

ಆ ಎರಡು ಸಾಲಿನಲ್ಲಿ ಅಡಗಿದ್ದೇನು? ಸರ್ಕಾರದ ಅಂದಾಜಿನಂತೆ 49 ಲಕ್ಷ ಬ್ಯಾರೆಲ್ ಎಣ್ಣೆ ಬಾವಿಯಿಂದ ಹೊರಬಂತು. ದಂಡದ ಲೆಕ್ಕಕ್ಕೆ ನ್ಯಾಯಾಲಯ ಒಪ್ಪಿದ್ದು 31.9 ಲಕ್ಷ ಬ್ಯಾರೆಲ್. ಎಣ್ಣೆಯನ್ನು ಚದುರಿಸಲೆಂದು ಸುಮಾರು 70 ಲಕ್ಷ ಲೀಟರ್ ರಾಸಾಯನಿಕವನ್ನು ಅದೇ ನೀರಿಗೆ ಸುರಿದರು. ಟೆಕ್ಸಾಸ್‌ನಿಂದ ಫ್ಲಾರಿಡಾದವರೆಗೆ ಒಟ್ಟು 2,000 ಕಿಲೋಮೀಟರಿಗೂ ಮೀರಿದ ತೀರಕ್ಕೆ ಎಣ್ಣೆ ತಾಗಿತು. ಲೂಸಿಯಾನಾದ ಜೌಗುನೆಲದಲ್ಲಿ ಹುಲ್ಲಿನ ಬೇರು ಸತ್ತು, ಬೇರು ಹಿಡಿದಿದ್ದ ಮಣ್ಣು ಕೊಚ್ಚಿಹೋಯಿತು. ಆ ರಾಜ್ಯದ ಪಕ್ಷಿಯಾದ ಕಂದು ಹೆಜ್ಜಾರ್ಲೆಯನ್ನು ಅಳಿವಿನಂಚಿನ ಪಟ್ಟಿಯಿಂದ ಕೈಬಿಟ್ಟದ್ದು 2009ರ ನವೆಂಬರಿನಲ್ಲಿ. ಐದು ತಿಂಗಳಿಗೆ ಈ ವಿಪತ್ತು. ಬರಟಾರಿಯಾ ಕೊಲ್ಲಿಯ ಡಾಲ್ಫಿನ್‌ಗಳಲ್ಲಿ ಶ್ವಾಸಕೋಶದ ರೋಗವೂ ಗರ್ಭನಷ್ಟವೂ ವರ್ಷಗಳ ಕಾಲ ಕಂಡುಬಂದವು. ಒಂದು ಹಂತದಲ್ಲಿ ಕೊಲ್ಲಿಯಲ್ಲಿ ಕೇಂದ್ರ ಸರ್ಕಾರದ ಅಧೀನದ ನೀರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರದೇಶ ಮೀನುಗಾರರಿಗೆ ಮುಚ್ಚಿತ್ತು.

ಮಾರ್ಗರೆಟ್ ಬ್ರೌನ್ ಅವರ 2014ರ ಸಾಕ್ಷ್ಯಚಿತ್ರ 'ದಿ ಗ್ರೇಟ್ ಇನ್‌ವಿಸಿಬಲ್' ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಅಲ್ಲಿ ಬೆಂಕಿ ಕಡಿಮೆ, ಅಲಬಾಮಾ ತೀರದ ಸಿಂಪಿ ಸುಲಿಯುವ ಬಡಜನರ ಕಾಯುವಿಕೆ ಹೆಚ್ಚು. ಓಟವಿಲ್ಲವೆಂದು ನಮ್ಮ ಯುವಕರು ಬೇಸರಿಸಬಹುದು.

ಹಾನಿಯನ್ನು ಕಂಪನಿ ತುಂಬಿಕೊಟ್ಟಿತಲ್ಲವೇ ಎಂದು ಕೆಲವರು ಕೇಳುತ್ತಾರೆ. 2,080 ಕೋಟಿ ಡಾಲರಿನ ಒಪ್ಪಂದಕ್ಕೆ 2016ರಲ್ಲಿ ನ್ಯಾಯಾಲಯದ ಒಪ್ಪಿಗೆ ದೊರೆತದ್ದು ನಿಜ. ಅದರಲ್ಲಿ ಜಲಕಾಯಿದೆಯ ದಂಡವೆಂದು ಹೆಸರಿಸಿದ್ದು 550 ಕೋಟಿ ಮಾತ್ರ. ಉಳಿದುದರ ಬಹುಭಾಗವನ್ನು ವ್ಯಾಪಾರದ ಖರ್ಚಿನಂತೆ ತೆರಿಗೆಯಲ್ಲಿ ಕಳೆಯಲು ಕಾನೂನಿನ ಅಡ್ಡಿಯಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಸ್ವಚ್ಛತೆಯ ಖರ್ಚಿನ ಹೊರತು ಇತರ ಹಾನಿಗೆ ಕಂಪನಿಯ ಹೊಣೆ 7.5 ಕೋಟಿ ಡಾಲರಿಗಿಂತ ಹೆಚ್ಚಿಲ್ಲವೆಂದು 1990ರ ಕಾಯಿದೆ ಸಾಮಾನ್ಯವಾಗಿ ಮಿತಿ ಹಾಕಿತ್ತು. 2014ರಲ್ಲಿ ಅದು ಸುಮಾರು 13.4 ಕೋಟಿಗೆ ಏರಿತು. ಈ ಕಂಪನಿ ಆ ಮಿತಿಯ ಆಶ್ರಯವನ್ನು ತಾನಾಗಿ ಬಿಟ್ಟುಕೊಟ್ಟಿತು. ಮುಂದಿನದೂ ಬಿಡುವುದೆಂಬುದಕ್ಕೆ ಯಾರು ಜಾಮೀನು? ಲಾಭಕ್ಕೆ ಮಿತಿಯಿಲ್ಲದೆ ನಷ್ಟಕ್ಕೆ ಮಾತ್ರ ಮಿತಿಯಿರುವ ಪಾಲುದಾರನೊಂದಿಗೆ ನಮ್ಮ ಪೇಟೆಯಲ್ಲಿ ಯಾರೂ ಖಾತೆ ತೆರೆಯುವುದಿಲ್ಲ.

ಹೀಗಿದ್ದೂ ವಿಸ್ತರಣೆಯ ಮಾತು ನಿಂತಿಲ್ಲ. ಅಧ್ಯಕ್ಷ ಒಬಾಮ ಅಟ್ಲಾಂಟಿಕ್ ತೀರವನ್ನು ಕೊರೆತಕ್ಕೆ ತೆರೆಯುವ ಯೋಜನೆಯನ್ನು ಪ್ರಕಟಿಸಿದ್ದು 2010ರ ಮಾರ್ಚ್ 31ರಂದು, ಸ್ಫೋಟಕ್ಕೆ ಸರಿಯಾಗಿ ಇಪ್ಪತ್ತು ದಿನ ಮೊದಲು. ವರ್ಷದ ಕೊನೆಗೆ ಅದನ್ನು ಕೈಬಿಟ್ಟರು. ಟ್ರಂಪ್ ಸರ್ಕಾರ 2018ರ ಜನವರಿಯಲ್ಲಿ ದೇಶದ ಕಡಲಂಚಿನ ಶೇಕಡ 90ಕ್ಕೂ ಹೆಚ್ಚು ಭಾಗವನ್ನು ತೆರೆಯಲು ಹೊರಟಿತು. ಬಾವಿಯ ಸುರಕ್ಷತೆಗೆಂದು 2016ರಲ್ಲಿ ಬಂದ ನಿಯಮಗಳನ್ನು 2019ರಲ್ಲಿ ಸಡಿಲಿಸಿತು; ಅವುಗಳಲ್ಲಿ ಕೆಲವು ಮರಳಿ ಬಂದದ್ದು 2023ರಲ್ಲಿ. ಬೈಡನ್ 2025ರ ಜನವರಿಯಲ್ಲಿ ವಿಧಿಸಿದ ನಿಷೇಧವನ್ನು ಟ್ರಂಪ್ ಅಧಿಕಾರಕ್ಕೆ ಮರಳಿದ ದಿನವೇ ತೆಗೆದುಹಾಕಿದರು. ಅದೇ ನವೆಂಬರಿನಲ್ಲಿ ಬಂದ ಕರಡು ಯೋಜನೆಯಲ್ಲಿ, 1984ರಿಂದ ಹೊಸ ಗುತ್ತಿಗೆ ಕಾಣದ ಕ್ಯಾಲಿಫೋರ್ನಿಯಾದ ಕಡಲೂ ಸೇರಿದೆ.

ನಾವೂ ಪೆಟ್ರೋಲ್ ಉರಿಸುತ್ತೇವಲ್ಲ ಎಂಬ ಆಕ್ಷೇಪ ಬರುವುದು ಸಹಜ. ಇರುವ ಬಾವಿಗಳನ್ನು ನಾಳೆಯೇ ಮುಚ್ಚಿರೆಂದು ಇಲ್ಲಿ ವಾದಿಸುತ್ತಿಲ್ಲ. ಗುತ್ತಿಗೆಗೆ ಕೊಟ್ಟಾಗಿರುವ ಕಡಲಿನ ಬಹುಭಾಗದಿಂದಲೇ ಇನ್ನೂ ಎಣ್ಣೆ ತೆಗೆದಿಲ್ಲದಿರುವಾಗ ಹೊಸ ತೀರಗಳು ಏತಕ್ಕೆ ಎಂಬುದು ಪ್ರಶ್ನೆ. ಆ ಸಂಗ್ರಹಬುದ್ಧಿಗೆ ನಮ್ಮಲ್ಲಿ ಇರುವ ಹೆಸರನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ಫ್ಲಾರಿಡಾದ ಮತದಾರರು 2018ರ ನವೆಂಬರಿನಲ್ಲಿ ತಮ್ಮ ರಾಜ್ಯದ ಅಧೀನದ ನೀರಿನಲ್ಲಿ ಇಂತಹ ಕೊರೆತವನ್ನು ಸಂವಿಧಾನದ ತಿದ್ದುಪಡಿಯಿಂದಲೇ ನಿಷೇಧಿಸಿದರು. ಪರವಾಗಿ ಬಿದ್ದ ಮತ ಮೂರನೆಯ ಎರಡು ಭಾಗವನ್ನು ಮೀರಿತ್ತು. ಅವರು ನೋಡಿದ್ದು ಚಿತ್ರವನ್ನಲ್ಲ, ತೀರವನ್ನು.

ನಮ್ಮ ಬಸದಿಗಳ ಟ್ರಸ್ಟುಗಳು ಬೇಸಿಗೆಯ ಶಿಬಿರಗಳಲ್ಲಿ ಮಕ್ಕಳಿಗೆ ಚಲನಚಿತ್ರ ತೋರಿಸುವುದುಂಟು. ಬರ್ಗ್ ಅವರ ಚಿತ್ರವನ್ನು ತೋರಿಸುವುದಾದರೆ ಮಾರನೆಯ ದಿನ ಬ್ರೌನ್ ಅವರದನ್ನೂ ತೋರಿಸಲಿ. ಒಂದಕ್ಕೇ ಸಮಯವಿದ್ದರೆ ಎರಡನೆಯದು ಸಾಕು.