ಪರದೆಯ ಮೇಲಿನ ಅಲೆ: ಕಂಡದ್ದೆಷ್ಟು, ನಾವೇ ಹೇಳಿಕೊಟ್ಟದ್ದೆಷ್ಟು?

ಹಾಸನದ ಪಕ್ಕದ ನಮ್ಮ ಬೂವನಹಳ್ಳಿಯಲ್ಲಿ ತೆಂಗಿನ ಮರಗಳಿಗೆ ಬರವಿಲ್ಲ. ಒಂದು ಮರಕ್ಕೆ ಹಗ್ಗದ ತುದಿಯನ್ನು ಬಿಗಿದು, ಇನ್ನೊಂದು ತುದಿಯನ್ನು ಹಿಡಿದೆಳೆದು ಒಮ್ಮೆ ಮೇಲಕ್ಕೆ ಜಾಡಿಸಿ. ಉಬ್ಬೊಂದು ಮರದವರೆಗೆ ಓಡಿ, ತಗ್ಗಾಗಿ ಹಿಂದಿರುಗುತ್ತದೆ. ಅದು ತಲೆಕೆಳಗಾದದ್ದು ಏಕೆ? ಪ್ರತಿಫಲನದ ಪಾಠದ ಜೀವಾಳವೇ ಈ ಪ್ರಶ್ನೆ.

ಜಿಯೋಜಿಬ್ರಾ, ಸೈಲ್ಯಾಬ್‌ಗಳಂಥ ಉಚಿತ ಗಣಿತ ತಂತ್ರಾಂಶಗಳಲ್ಲಿ ಇದನ್ನು ಅನುಕರಿಸುವ ಸಾಮಾನ್ಯ ರೀತಿ ಹೀಗಿದೆ: ಬಲಕ್ಕೆ ಸಾಗುವ ಅಲೆಗೆ ಒಂದು ಸೈನ್ ಸೂತ್ರ, ಮರಳುವ ಅಲೆಗೆ ಋಣಚಿಹ್ನೆ ಸೇರಿಸಿದ ಇನ್ನೊಂದು ಸೂತ್ರ. ಎರಡನ್ನೂ ಕೂಡಿಸಿದರೆ ಸ್ಥಾಯೀ ತರಂಗ. ಅರ್ಧ ತರಂಗದೂರಕ್ಕೊಂದು ನಿಸ್ಪಂದ ಬಿಂದು. ಚಿತ್ರ ಸೊಗಸು, ಲೆಕ್ಕವೂ ಸರಿ. ವ್ಯತಿಕರಣವನ್ನು ಕಲಿಸಲು ಇಷ್ಟು ಸಾಕು. ಪ್ರತಿಫಲನವನ್ನು ಕಲಿಸಲು ಸಾಲದು. ಆ ಋಣಚಿಹ್ನೆಯೇ ಉತ್ತರ, ಅದನ್ನು ನಾವೇ ಬರೆದುಕೊಟ್ಟಿದ್ದೇವೆ!

ಬದಲಿಗೆ ಹೀಗೆ ಮಾಡಿ ನೋಡಿ. 1 ಮೀಟರ್ ಹಗ್ಗವನ್ನು 100 ಭಾಗ ಮಾಡಿ. ಪ್ರತಿ ಬಿಂದುವಿನ ಮುಂದಿನ ಸ್ಥಾನವನ್ನು ಅದರ ಈಗಿನ ಮತ್ತು ಹಿಂದಿನ ಸ್ಥಾನ, ಅಕ್ಕಪಕ್ಕದ ಬಿಂದುಗಳ ಈಗಿನ ಸ್ಥಾನ ಇವುಗಳಿಂದ ಲೆಕ್ಕಹಾಕಿ. ಕೊನೆಯ ಬಿಂದು ಅಲುಗಬಾರದು ಎಂಬುದಷ್ಟೇ ನಿಬಂಧನೆ. ಮರಳುವ ಅಲೆಯ ಮಾತೇ ಇಲ್ಲ. ಆದರೂ ಉಬ್ಬು ತಗ್ಗಾಗಿ ಮರಳುತ್ತದೆ! ಕೊನೆಯ ಬಿಂದು ಪಕ್ಕದ ಬಿಂದುವನ್ನು ಅನುಸರಿಸಲಿ ಎಂದು ನಿಬಂಧನೆ ಬದಲಿಸಿ. ಉಬ್ಬು ಉಬ್ಬಾಗಿಯೇ ಮರಳುತ್ತದೆ.

ಒಂದು ಎಚ್ಚರಿಕೆ. ಅಲೆಯ ವೇಗ ಸೆಕೆಂಡಿಗೆ 10 ಮೀಟರ್ ಆದರೆ, ಲೆಕ್ಕದ ಕಾಲದ ಹೆಜ್ಜೆ 1 ಮಿಲಿಸೆಕೆಂಡನ್ನು ಮೀರಬಾರದು. ಮೀರಿದರೆ ಪರದೆಯ ಅಲೆ ಬೆಟ್ಟದಂತೆ ಬೆಳೆಯುತ್ತದೆ. ಇದು ಹಗ್ಗದ ಗುಣವಲ್ಲ, ಲೆಕ್ಕದ ದೋಷ. ಕೂರಾಂಟ್, ಫ್ರೀಡ್ರಿಕ್ಸ್, ಲೇವಿ ಎಂಬ ಗಣಿತಜ್ಞರು 1928ರಲ್ಲೇ ಈ ಮಿತಿಯನ್ನು ತಿಳಿಸಿದ್ದರು.

ಊಹೆಯನ್ನೂ ಫಲಿತಾಂಶವನ್ನೂ ಬೇರೆಯಾಗಿಡುವುದು ಕಂಪ್ಯೂಟರಿನ ಕಾಲದ ನೀತಿಯೇನಲ್ಲ. ಶ್ರವಣಾತೀತ ತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವುದನ್ನು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935ರಲ್ಲಿ ಬೆಂಗಳೂರಿನಲ್ಲಿ ವಿವರಿಸಿದರು. ದ್ರವದಲ್ಲಿ ಹಾಯುವಾಗ ಬೆಳಕಿನ ಪ್ರಾವಸ್ಥೆ ಮಾತ್ರ ಬದಲಾಗುತ್ತದೆ ಎಂಬ ಸರಳ ಊಹೆಯಿಂದ ಅವರು ಆರಂಭಿಸಿದರು. ಅದೇ ಲೇಖನಮಾಲೆಯಲ್ಲಿ ಮುಂದೆ ಸಿದ್ಧಾಂತವನ್ನು ವಿಸ್ತರಿಸಿದರು.

ತಂತ್ರಾಂಶದ ಚಿತ್ರ ನೋಡುವಾಗ ನೀವೂ ಕೇಳಿ: ಇದರಲ್ಲಿ ಕೊಟ್ಟದ್ದೇನು, ಹೊರಬಂದದ್ದೇನು? ಅನುಮಾನವಾದರೆ ಹಗ್ಗವಂತೂ ಮರದಲ್ಲೇ ಇದೆ.